ಡಬ್ಬದ ಮೇಲೊಂದು ತಾರೀಖು: ನಾಲ್ಕು ಜನರ ಮನೆಯ ದಿನಸಿ ಲೆಕ್ಕ

ಒಂದು ಮಾರ್ಕರ್ ಪೆನ್ನು, ಒಂದು ಸುರುಳಿ ಕಾಗದದ ಟೇಪು. ನಮ್ಮ ಮನೆಯ ದಿನಸಿ ಖರ್ಚು ಇಳಿಯತೊಡಗಿದ್ದು ಇವೆರಡರಿಂದ. ಬೇಳೆ, ಎಣ್ಣೆ, ಸಕ್ಕರೆ, ಕಾಫಿಪುಡಿ ಯಾವುದೇ ಇರಲಿ, ಪ್ಯಾಕೆಟ್ ಒಡೆದು ಡಬ್ಬಕ್ಕೆ ಸುರಿದ ಕೂಡಲೇ ಡಬ್ಬದ ಮೇಲೆ ಟೇಪು ಅಂಟಿಸಿ ಆ ದಿನದ ತಾರೀಖು, ತೂಕ ಬರೆಯುವುದು. ಖಾಲಿಯಾದ ದಿನ ಅದರ ಪಕ್ಕದಲ್ಲೇ ಇನ್ನೊಂದು ತಾರೀಖು. ಎರಡು ತಿಂಗಳು ಇಷ್ಟು ಮಾಡಿದರೆ ಮನೆ ನಿಜವಾಗಿ ತಿನ್ನುವುದೆಷ್ಟು, ಅಂದಾಜಿನಲ್ಲಿ ತರುತ್ತಿದ್ದುದೆಷ್ಟು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ.

ದೊಡ್ಡವರಿಬ್ಬರು, ಶಾಲೆಗೆ ಹೋಗುವ ಮಕ್ಕಳಿಬ್ಬರು, ದಿನಕ್ಕೆ ನಾಲ್ಕು ಡಬ್ಬಿ ಊಟ ಕಟ್ಟುವ ನಮ್ಮ ಮನೆಯಲ್ಲಿ ತಿಂಗಳ ಲೆಕ್ಕ ಹೀಗೆ ನಿಂತಿತು: ಅನ್ನದ ಅಕ್ಕಿ 13 ಕೆಜಿ, ದೋಸೆ ಅಕ್ಕಿ 4 ಕೆಜಿ, ರಾಗಿ 4, ಗೋಧಿಹಿಟ್ಟು 5, ತೊಗರಿಬೇಳೆ ಎರಡೂವರೆ, ಉದ್ದಿನಬೇಳೆ ಒಂದೂಕಾಲು, ಸಕ್ಕರೆ 2 ಕೆಜಿ, ಎಣ್ಣೆ 3 ಲೀಟರ್. ಮೊದಲು ಚೀಟಿಯಲ್ಲಿ ಕಣ್ಣು ಮುಚ್ಚಿ ಬರೆಯುತ್ತಿದ್ದುದು ಬೇಳೆ 4 ಕೆಜಿ, ಎಣ್ಣೆ 5 ಲೀಟರ್. ಹೆಚ್ಚಿಗೆ ತಂದದ್ದು ಮುಂದಿನ ತಿಂಗಳಿಗೆ ಉಳಿಯುತ್ತದೆ ಎಂದುಕೊಳ್ಳುವುದು ಭ್ರಮೆ. ಕೈಗೆ ಸಿಗುವಷ್ಟು ಇದ್ದರೆ ಕೈ ಅಷ್ಟನ್ನೂ ಸುರಿಯುತ್ತದೆ.

ಎಣ್ಣೆಯನ್ನೇ ನೋಡಿ. 5 ಲೀಟರ್ ಕ್ಯಾನು ಕೊಂಡರೆ ಲೀಟರಿಗೆ 5 ರೂಪಾಯಿ ಕಡಿಮೆ, ಒಟ್ಟು 25 ರೂಪಾಯಿ ಲಾಭ. ಪೌಚಿನ ಒಂದು ಲೀಟರ್ ನಮಗೆ 10 ದಿನ ಬರುತ್ತಿತ್ತು, ಆ ಲೆಕ್ಕದಲ್ಲಿ ಕ್ಯಾನು 50 ದಿನ ಬರಬೇಕು. ಬಂದದ್ದು 40 ದಿನ. 25 ರೂಪಾಯಿ ಉಳಿಸಲು ಹೋಗಿ ಒಂದು ಲೀಟರ್ ಎಣ್ಣೆ ಹೆಚ್ಚಿಗೆ ಬಾಣಲೆಗೆ ಹೋಯಿತು. ಕಾರಣ ಸರಳ: ಕ್ಯಾನಿನ ಬಾಯಿ ದೊಡ್ಡದು, ಬಗ್ಗಿಸಿದರೆ ಧಾರೆ ದಪ್ಪ. ಈಗಲೂ ಕ್ಯಾನೇ ತರುತ್ತೇವೆ, ಆದರೆ ಅದು ಅಟ್ಟದ ಮೇಲಿರುತ್ತದೆ. ಭಾನುವಾರ 700 ಮಿಲಿ ಅಳೆದು ಸಣ್ಣ ಮೂತಿಯ ಗಿಂಡಿಗೆ ತುಂಬುವುದು, ವಾರಕ್ಕೆ ಅಷ್ಟೇ. ಹಪ್ಪಳ, ಬೋಂಡ ಕರಿದ ವಾರ ಮಾತ್ರ ರಿಯಾಯಿತಿ.

ಪೌಚು ಕೊಳ್ಳುವವರು ಬೆಲೆಗಿಂತ ಮೊದಲು ಗ್ರಾಂ ನೋಡಬೇಕು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಗುವುದು ಸುಮಾರು 910 ಗ್ರಾಂ. ಅದೇ ಎತ್ತರ, ಅದೇ ಅಗಲದ 850 ಗ್ರಾಂ ಪೌಚೂ ಅಂಗಡಿಯಲ್ಲಿ ಪಕ್ಕದಲ್ಲೇ ನಿಂತಿರುತ್ತದೆ. 910 ಗ್ರಾಮಿಗೆ 150 ರೂಪಾಯಿ, 850ಕ್ಕೆ 144 ಎಂದಿದ್ದರೆ ಕೈ 144ರ ಕಡೆಗೇ ಹೋಗುತ್ತದೆ. ಕೆಜಿ ಲೆಕ್ಕ ಹಾಕಿದರೆ ಮೊದಲನೆಯದು 165 ರೂಪಾಯಿ, ಎರಡನೆಯದು 169ಕ್ಕೂ ಮೇಲೆ. ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಹತ್ತಿರವೇ ಯೂನಿಟ್ ದರ ಸಣ್ಣ ಅಕ್ಷರದಲ್ಲಿರುತ್ತದೆ. ಆದರೆ ಅದು ಎಂಆರ್‌ಪಿ ಮೇಲಿನ ಲೆಕ್ಕ. ಅಂಗಡಿಯವರು ರಿಯಾಯಿತಿ ಕೊಟ್ಟಿದ್ದರೆ ನಾವೇ ಭಾಗಿಸಿ ನೋಡಬೇಕು. ಬಿಸ್ಕತ್ತು, ಸೋಪು, ಟೀಪುಡಿಗೂ ಇದೇ ಪರೀಕ್ಷೆ.

ಅಕ್ಕಿ ಮಾತ್ರ ಮೂಟೆಯಲ್ಲೇ ಕೊಳ್ಳುವುದು ಲೇಸು. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇದೆ. 26 ಕೆಜಿ ಮೂಟೆಗಳು ಮಾರುಕಟ್ಟೆಗೆ ಬಂದಿದ್ದು ಇದೇ ಕಾರಣಕ್ಕೆ. ನಮ್ಮ 13 ಕೆಜಿ ಲೆಕ್ಕಕ್ಕೆ ಒಂದು ಮೂಟೆ ಸರಿಯಾಗಿ ಎರಡು ತಿಂಗಳು. ಸೋನಾ ಮಸೂರಿಯಲ್ಲಿ ಹೊಸ ಅಕ್ಕಿ ಕೆಜಿಗೆ ಐದಾರು ರೂಪಾಯಿ ಅಗ್ಗ ಇರುತ್ತದೆ, ಆದರೆ ಒದಗುವುದಿಲ್ಲ. ಒಂದು ಲೋಟ ಹೊಸ ಅಕ್ಕಿಗೆ ಎರಡು ಲೋಟ ನೀರಿಟ್ಟರೇ ಅನ್ನ ಮುದ್ದೆಯಾಗುತ್ತದೆ. ವರ್ಷ ಹಳೆಯದು ಎರಡೂವರೆ ಲೋಟ ನೀರು ಕುಡಿದು ಅರಳುತ್ತದೆ. ಅದೇ ಪಾತ್ರೆ ತುಂಬಲು ಹಳೆ ಅಕ್ಕಿ ಕಡಿಮೆ ಸಾಕು. ಮೂಟೆ ಕೊಳ್ಳುವ ಮುನ್ನ ಅರ್ಧ ಕೆಜಿ ತಂದು ಬೇಯಿಸಿ ನೋಡುತ್ತೇವೆ, ಏಕೆಂದರೆ ‘ಹಳೆ ಅಕ್ಕಿ’ ಎಂದು ಚೀಲದ ಮೇಲೆ ಅಚ್ಚು ಹಾಕಿದ್ದೆಲ್ಲ ಹಳೆಯದಲ್ಲ.

ವರ್ಷಕ್ಕೊಮ್ಮೆ ಕೊಳ್ಳುವುದು ಎರಡೇ: ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ. ಎರಡಕ್ಕೂ ಫೆಬ್ರುವರಿ, ಮಾರ್ಚ್ ಹೊತ್ತು. ಬೀಜದ ಹುಣಸೆಹಣ್ಣು ಅಗ್ಗವೆಂದು ಕೊಂಡರೆ ಬೀಜ, ನಾರು ಕಳೆದು ಕೆಜಿಗೆ 600 ಗ್ರಾಂ ಆಸುಪಾಸು ಉಳಿಯುತ್ತದೆ. ಬೀಜ ತೆಗೆದದ್ದರ ಬೆಲೆ ಇದರ ಒಂದೂಮುಕ್ಕಾಲು ಪಟ್ಟಿಗಿಂತ ಕಡಿಮೆ ಇದ್ದರೆ ಕುಯ್ಯುತ್ತ ಕೂರಬೇಡಿ, ತೆಗೆದದ್ದನ್ನೇ ತನ್ನಿ. ಎರಡು ಬಿಸಿಲು ಕಾಯಿಸಿ, ಕಲ್ಲುಪ್ಪು ಬೆರೆಸಿ ಪಿಂಗಾಣಿ ಭರಣಿಗೆ ಒತ್ತಿ ತುಂಬುವುದು. ಅಲ್ಯುಮಿನಿಯಂ ಡಬ್ಬ ಬೇಡ, ಹುಳಿ ತಿಂದುಹಾಕುತ್ತದೆ.

ತೊಗರಿಬೇಳೆಯೂ ಕಲಬುರಗಿ ಕಡೆಯ ಹೊಸ ಬೆಳೆ ಬಂದ ಮೇಲೆ ಫೆಬ್ರುವರಿ, ಮಾರ್ಚಿನಲ್ಲಿ ಇಳಿಯುತ್ತದೆ. ಆಗ ನಾಲ್ಕು ತಿಂಗಳಿಗೆ 10 ಕೆಜಿ ತರುತ್ತೇವೆ, ಅದಕ್ಕಿಂತ ಹೆಚ್ಚಿಲ್ಲ. ಮಳೆಗಾಲ ಹಿಡಿಯಿತೆಂದರೆ ಕುಟ್ಟೆ ಹುಳಕ್ಕೆ ಹಬ್ಬ, ಒಂದು ಡಬ್ಬ ಹಾಳಾದರೆ ವರ್ಷದ ಉಳಿತಾಯ ಅಲ್ಲಿಗೇ ಸರಿಹೋಗುತ್ತದೆ. ಬೇಳೆಯನ್ನು ಒಂದು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ತುಂಬಬೇಕು. ಬೆಚ್ಚಗಿರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ. ಕೆಜಿಗೆ ಒಂದು ಚಿಕ್ಕ ಚಮಚ ಹರಳೆಣ್ಣೆ ಅಂಗೈಗೆ ಸವರಿಕೊಂಡು ಬೇಳೆಯನ್ನು ತಿಕ್ಕಿದರೆ ಹುಳ ಮೊಟ್ಟೆ ಇಡುವುದು ಕಡಿಮೆ. ಬೇಯಿಸುವ ಮುನ್ನ ಬಿಸಿನೀರಲ್ಲಿ ತೊಳೆದರೆ ವಾಸನೆ ಹೋಗುತ್ತದೆ. ರವೆ ಇಡೀ ತಿಂಗಳದ್ದನ್ನು ಒಟ್ಟಿಗೇ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಹುರಿದಿಡುವುದು. ಹುಳವೂ ಬೀಳುವುದಿಲ್ಲ, ಬೆಳಗ್ಗೆ ಉಪ್ಪಿಟ್ಟಿಗೆ ಹತ್ತು ನಿಮಿಷವೂ ಉಳಿಯುತ್ತದೆ.

ಇನ್ನು ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಹಣ ಸೋರುವ ದೊಡ್ಡ ತೂತು ದೋಸೆಹಿಟ್ಟಿನ ಪ್ಯಾಕೆಟ್. ನಮ್ಮ ಬಡಾವಣೆಯಲ್ಲಿ ಕೆಜಿಗೆ 75 ರೂಪಾಯಿ. ಒಂದು ಕೆಜಿ ದೋಸೆ ಅಕ್ಕಿ, 250 ಗ್ರಾಂ ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ, ಎಲ್ಲ ಸೇರಿ 90 ರೂಪಾಯಿ ಒಳಗೆ. ರುಬ್ಬಿದರೆ ಹಿಟ್ಟು ಮೂರು ಕೆಜಿ ಹತ್ತಿರ ಬರುತ್ತದೆ. ವಾರಕ್ಕೆ ನೂರಮೂವತ್ತು ರೂಪಾಯಿ ಉಳಿಕೆ. ಶನಿವಾರ ಮಧ್ಯಾಹ್ನ ನೆನೆಹಾಕಿ ಸಂಜೆ ಗ್ರೈಂಡರಿಗೆ ಹಾಕುವುದು. ಉದ್ದನ್ನು ಮೊದಲು, ತಣ್ಣೀರು ಚಿಮುಕಿಸುತ್ತ ಅರ್ಧ ಗಂಟೆ ಬೇರೆಯಾಗಿ ರುಬ್ಬಬೇಕು. ಒಂದು ಹನಿ ಹಿಟ್ಟನ್ನು ನೀರಿಗೆ ಬಿಟ್ಟರೆ ತೇಲಬೇಕು. ಒಟ್ಟಿಗೇ ಹಾಕಿ ರುಬ್ಬಿದರೆ ಉದ್ದು ಒದಗದೆ ಇಡ್ಲಿ ಕಲ್ಲಾಗುತ್ತದೆ. ಹುದುಗುವ ಮೊದಲೇ ಒಂದು ಪಾಲು ತೆಗೆದು ಫ್ರಿಜ್ಜಿಗಿಡುತ್ತೇವೆ, ಬುಧವಾರ ರಾತ್ರಿ ಹೊರಗಿಟ್ಟರೆ ಗುರುವಾರಕ್ಕೆ ಹದ. ಪೂರ್ತಿ ಹುಳಿ ಬಂದ ಹಿಟ್ಟನ್ನೇ ಫ್ರಿಜ್ಜಿಗೆ ಸೇರಿಸಿದರೆ ವಾರದ ಕೊನೆಗೆ ಯಾರೂ ಮುಟ್ಟುವುದಿಲ್ಲ, ಚೆಲ್ಲಿದ ಹಿಟ್ಟಿಗೆ ಉಳಿತಾಯದ ಲೆಕ್ಕ ಸಲ್ಲುವುದಿಲ್ಲ.

ತರಕಾರಿಗೆ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಸೊಪ್ಪು, ಬೀನ್ಸು, ಬದನೆ ಸೋಮವಾರ, ಮಂಗಳವಾರಕ್ಕೆ. ಎಲೆಕೋಸು, ಸೀಮೆಬದನೆ, ಕುಂಬಳ ವಾರದ ಕೊನೆಗೆ. ಟೊಮೆಟೊ ನಾಟಿ ಅರ್ಧ ಕೆಜಿ, ಬಾಳಿಕೆಗೆ ಹೈಬ್ರಿಡ್ ಒಂದು ಕೆಜಿ. 2023ರ ಜುಲೈ ತರಹ ಕೆಜಿ ನೂರು ದಾಟಿದಾಗ ಸಾರಿಗೆ ಹುಣಸೆಹಣ್ಣೇ ಸಾಕು. ತೆಂಗಿನಕಾಯಿ ಜುಟ್ಟು ಬಿಟ್ಟೇ ಸುಲಿಸಿಕೊಳ್ಳಬೇಕು, ಜುಟ್ಟು ಕಿತ್ತರೆ ಕಣ್ಣಿನ ಕಡೆಯಿಂದ ಕೆಡುತ್ತದೆ. ಒಡೆದ ಕಾಯಿ ಒಂದೇ ಸಲ ತುರಿದು, ಒಂದು ಹೊತ್ತಿನ ಸಾರಿಗಾಗುವಷ್ಟು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ. 2025ರಲ್ಲಿ ಕಾಯಿ ಬೆಲೆ ಏರಿದ ಮೇಲೆ ಅರ್ಧ ಹೋಳು ಫ್ರಿಜ್ಜಿನಲ್ಲಿ ಲೋಳೆಯಾಗುವುದನ್ನು ನೋಡಲು ಮನಸ್ಸಾಗುವುದಿಲ್ಲ.

ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ತರಿಸುವುದನ್ನು ಪೂರ್ತಿ ನಿಲ್ಲಿಸಲು ಹೋಗಿ ಸೋತೆವು. ಕೊತ್ತಂಬರಿ ಸೊಪ್ಪೊಂದಕ್ಕೆ ಆರ್ಡರ್ ಹಾಕಲು ಕೂತರೆ ಡೆಲಿವರಿ ಶುಲ್ಕ ತಪ್ಪಿಸಲು ಇನ್ನೂರು ರೂಪಾಯಿಯ ಚಿಪ್ಸು, ಜ್ಯೂಸು ಸೇರಿರುತ್ತದೆ. ಈಗ ಬೇಕಾದದ್ದನ್ನು ಫ್ರಿಜ್ ಬಾಗಿಲ ಚೀಟಿಯಲ್ಲಿ ಬರೆಯುವುದು, ಬುಧವಾರ ಒಂದೇ ಸಲ ತರಿಸುವುದು. ಬುಧವಾರ ಬರುವಷ್ಟರಲ್ಲಿ ಚೀಟಿಯ ಅರ್ಧ ಸಾಮಾನು ಬೇಡವಾಗಿರುತ್ತದೆ.

ಕೆಲವು ಉಳಿತಾಯ ಕೈಬಿಟ್ಟಿದ್ದೇವೆ. ಗೋಧಿ ತಂದು ಹಸನು ಮಾಡಿ ಗಿರಣಿಗೆ ಹಾಕಿಸಿದರೆ ಕೆಜಿಗೆ ಐದು ರೂಪಾಯಿ, ತಿಂಗಳಿಗೆ 25 ರೂಪಾಯಿ ಉಳಿಯುತ್ತಿತ್ತು, ಭಾನುವಾರದ ಒಂದೂವರೆ ಗಂಟೆ ಹೋಗುತ್ತಿತ್ತು. ರಾಗಿ ಮಾತ್ರ ಈಗಲೂ ಬೀಸಿಸುತ್ತೇವೆ. ಇಡೀ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ, ಒಮ್ಮೆಗೆ 12 ಕೆಜಿ ಕೊಂಡು ತಿಂಗಳಿಗೆ ನಾಲ್ಕು ಕೆಜಿಯಂತೆ ಹಿಟ್ಟು ಮಾಡಿಸಬಹುದು. ಗಿರಣಿಯಲ್ಲಿ ಖಾರದಪುಡಿ ಮಾಡಿದ ಬೆನ್ನಿಗೇ ಹಾಕಿಸಬೇಡಿ, ಮುದ್ದೆಯಲ್ಲಿ ಕೆಮ್ಮು ಬರುತ್ತದೆ. ಬಿಸಿ ಹಿಟ್ಟನ್ನು ಹಳೇ ಪಂಚೆಯ ಮೇಲೆ ಹರವಿ, ಆರಿದ ಮೇಲೆ ಡಬ್ಬಕ್ಕೆ ತುಂಬಿ ತಾರೀಖು ಬರೆಯಿರಿ.