ಹಲಗೆಯ ದಪ್ಪ ನುಂಗಿದ ಲೀಟರುಗಳು

ಕಾರಿನ ಬೇಸ್ ಸ್ಪೀಕರಿಗೆ ನಾನೇ ಮಾಡಿದ ಮೊದಲ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಹಾಡು ಹಾಕಿದಾಗ ಸದ್ದೇನೋ ಜೋರಾಗಿಯೇ ಬಂತು. ಆದರೆ ಬೇಸ್ ಗಿಟಾರಿನ ಒಂದೆರಡು ಸ್ವರ ಮಾತ್ರ ಗುಂಯ್ ಅಂತ ಕಿವಿ ತುಂಬುತ್ತಿತ್ತು. ಅದಕ್ಕಿಂತ ಕೆಳಗಿನ ಸ್ವರ ಬಂದಾಗ ಸದ್ದು ಕುಸಿಯುತ್ತಿತ್ತು. ಆಂಪ್ಲಿಫೈಯರಿನ ತಿರುಪುಗಳನ್ನೆಲ್ಲ ತಿರುಗಿಸಿ ನೋಡಿದೆ, ಸರಿಹೋಗಲಿಲ್ಲ. ತಪ್ಪು ಪೆಟ್ಟಿಗೆಯ ಅಳತೆಯಲ್ಲಿತ್ತು.

ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗ್ ಇದ್ದ ಹಾಗೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ, ಒಳಗೆ ಗಾಳಿಗೆ ಜಾಗ ಕಡಿಮೆಯಾದಷ್ಟೂ ಹಿಡಿ ಗಟ್ಟಿಯಾಗುತ್ತೆ. ಸ್ಪೀಕರಿನ ಕೋನ್, ಅಂದರೆ ಅಲುಗಿ ಸದ್ದು ಮಾಡುವ ಬಟ್ಟಲಿನಂಥ ಭಾಗದ ಹಿಂದೆಯೂ ಹೀಗೇ. ಪೆಟ್ಟಿಗೆ ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ. ಬಿಗಿಯಾದಷ್ಟೂ ಅನುರಣನದ ಆವರ್ತನ, ಅಂದರೆ ಕೋನ್ ತಾನಾಗಿಯೇ ಅಲುಗಲು ಬಯಸುವ ವೇಗ ಮೇಲೇರುತ್ತೆ, ಅದರ ಸುತ್ತಮುತ್ತ ಸದ್ದು ಉಬ್ಬುತ್ತೆ.

ಲೆಕ್ಕಕ್ಕೆ ಬೇಕಾದ ಅಂಕಿಗಳು ಸ್ಪೀಕರಿನ ಜೊತೆ ಬರುವ ಹಾಳೆಯಲ್ಲೇ ಇರುತ್ತವೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಹಾಕಿಕೊಟ್ಟ ದಾರಿ ಇದು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಅದಕ್ಕೇ ಇವುಗಳಿಗೆ ಥೀಲ್-ಸ್ಮಾಲ್ ಅಂಕಿಗಳು ಅಂತ ಹೆಸರು. ನನಗೆ ಬೇಕಾಗಿದ್ದು ಮೂರು. ಎಫ್‌ಎಸ್ ಅಂದರೆ ಪೆಟ್ಟಿಗೆ ಇಲ್ಲದೆ ಸ್ಪೀಕರಿನ ಸ್ವಂತ ಅನುರಣನ, ನನ್ನದರಲ್ಲಿ 28 ಹರ್ಟ್ಜ್. ಕ್ಯೂಟಿಎಸ್ ಅಂದರೆ ಆ ಅನುರಣನಕ್ಕೆ ಎಷ್ಟು ಲಗಾಮು ಇದೆ ಅನ್ನುವುದು, ನನ್ನದು 0.45. ಈ ಅಂಕಿ ಕಡಿಮೆ ಇದ್ದಷ್ಟೂ ಲಗಾಮು ಬಿಗಿ. ವಿಎಎಸ್ ಅಂದರೆ ಎಷ್ಟು ಗಾಳಿಯ ಬಿಗಿ ಸ್ಪೀಕರಿನ ಸ್ವಂತ ಬಿಗಿಗೆ ಸಮ ಅನ್ನುವುದು. ನನ್ನ ಹಾಳೆಯಲ್ಲಿ ಇದು 1.77 ಘನ ಅಡಿ ಅಂತಿತ್ತು. ಒಂದು ಘನ ಅಡಿಗೆ 28.3 ಲೀಟರ್, ಅಲ್ಲಿಗೆ 50 ಲೀಟರ್ ಆಯ್ತು. ಕೆಲವು ಹಾಳೆಗಳಲ್ಲಿ ಲೀಟರ್, ಕೆಲವದರಲ್ಲಿ ಘನ ಅಡಿ ಇರುತ್ತೆ, ನೋಡಿಕೊಳ್ಳಿ.

ಪೆಟ್ಟಿಗೆಯಲ್ಲಿ ಕೂತ ಮೇಲೆ ಕ್ಯೂಟಿಎಸ್ ಏರುತ್ತೆ, ಆಗ ಅದನ್ನು ಕ್ಯೂಟಿಸಿ ಅಂತಾರೆ. ಅದು 0.707 ಇದ್ದರೆ ಉಬ್ಬಿಲ್ಲದ, ಸಮನಾದ ಸದ್ದು. ನನಗೆ ಬೇಕಿದ್ದದ್ದು ಅದೇ. 0.707 ಅನ್ನು 0.45ರಿಂದ ಭಾಗಿಸಿದೆ, 1.57 ಬಂತು. ಅದರ ವರ್ಗ 2.47. ಒಂದು ಕಳೆದರೆ 1.47. ಆ 50 ಲೀಟರನ್ನು 1.47ರಿಂದ ಭಾಗಿಸಿದರೆ 34 ಲೀಟರ್. ಅನುರಣನವೂ ಅದೇ 1.57 ಪಟ್ಟು ಏರುತ್ತೆ, ಅಂದರೆ 28 ಇದ್ದದ್ದು 44 ಹರ್ಟ್ಜ್.

ಇಷ್ಟೂ ಸರಿಯಾಗಿತ್ತು. ಆಮೇಲೆ 400, 350, 245 ಮಿಲಿಮೀಟರಿನ ಪೆಟ್ಟಿಗೆ ಮಾಡಿದೆ. ಗುಣಿಸಿದರೆ 34 ಲೀಟರ್ ಚಿಲ್ಲರೆ ಬರುತ್ತೆ, ಆದರೆ ಅದು ಹೊರಗಿನ ಅಳತೆ.

ಗೊತ್ತಾಗಿದ್ದು ಅಳೆದಾಗ. ಈ ವಿಧಾನ ಸುಲಭ, ಎಲ್ಲರೂ ಮಾಡಬಹುದು. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ಒಂದು ತಂತಿಯ ನಡುವೆ 100 ಓಮ್ ರೆಸಿಸ್ಟರ್ ಹಾಕಿದೆ. ಸದ್ದು ತೀರಾ ಕಡಿಮೆ ಇಟ್ಟೆ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಅದರ ಎರಡು ಕಡ್ಡಿಗಳನ್ನು ಸ್ಪೀಕರಿನ ಎರಡು ತುದಿಗೆ ಹಿಡಿದೆ. ಫೋನಿನ ಟೋನ್ ಆಪ್‌ನಲ್ಲಿ 30 ಹರ್ಟ್ಜ್‌ನಿಂದ ಒಂದೊಂದೇ ಏರಿಸುತ್ತಾ ಹೋದೆ. ಮೀಟರಿನ ಅಂಕಿ ಏರುತ್ತಾ ಹೋಗಿ, ಒಂದು ಕಡೆ ನಿಂತು, ಮತ್ತೆ ಇಳಿಯತೊಡಗಿತು. ಆ ತುದಿ ಸಿಕ್ಕ ಜಾಗವೇ ಪೆಟ್ಟಿಗೆಯ ಅನುರಣನ. 44ರಲ್ಲಿ ಸಿಗುತ್ತೆ ಅಂತ ಕಾದಿದ್ದೆ. 52ರಲ್ಲಿ ಸಿಕ್ಕಿತು. ಮೂರು ಸಲ ಅಳೆದೆ, ಮೂರು ಸಲವೂ 52.

ಆಗ ಕಾಗದ ತೆಗೆದು ಕೂತೆ. ಹಲಗೆ 18 ಮಿಲಿಮೀಟರ್ ದಪ್ಪದ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ್ದು. ಎರಡೂ ಬದಿ ಸೇರಿ ಪ್ರತಿ ಅಳತೆಯಲ್ಲೂ 36 ಹೋಗುತ್ತೆ. ಒಳಗೆ ಉಳಿದದ್ದು 364, 314, 209. ಗುಣಿಸಿದರೆ 23.9 ಲೀಟರ್. ಸ್ಪೀಕರಿನ ಮ್ಯಾಗ್ನೆಟ್ ಮತ್ತು ಚೌಕಟ್ಟು ಒಳಗೆ 2.5 ಲೀಟರ್ ಜಾಗ ಹಿಡಿಯುತ್ತೆ ಅಂತ ಹಾಳೆಯಲ್ಲೇ ಬರೆದಿತ್ತು. ಒಳಗೆ ಕೊಟ್ಟ ಅಡ್ಡಪಟ್ಟಿ ಇನ್ನೊಂದು 0.6. ಕೊನೆಗೆ ಗಾಳಿಗೆ ಸಿಕ್ಕಿದ್ದು 20.8 ಲೀಟರ್. ಅದನ್ನು ಸೂತ್ರಕ್ಕೆ ಹಾಕಿದರೆ ಕ್ಯೂಟಿಸಿ 0.83, ಅನುರಣನ 52. ಮೀಟರ್ ಹೇಳಿದ್ದೇ ಕಾಗದದ ಮೇಲೂ ಬಂದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಲೆಕ್ಕ ಸುಳ್ಳಾಗಿರಲಿಲ್ಲ, ನಾನು ಕೊಟ್ಟ ಅಳತೆ ಸುಳ್ಳಾಗಿತ್ತು.

ಒಳಗೆ ಪಾಲಿಯೆಸ್ಟರ್ ಹತ್ತಿ ತುಂಬಿದರೆ ಪೆಟ್ಟಿಗೆ ಸ್ವಲ್ಪ ದೊಡ್ಡದಾದಂತೆ ವರ್ತಿಸುತ್ತೆ. ಆದರೆ 13 ಲೀಟರಿನ ಕೊರತೆಯನ್ನು ಹತ್ತಿ ತುಂಬಿಸಿಕೊಡಲ್ಲ. ಹೊಸದು ಮಾಡೋದೇ ಸರಿ ಅನ್ನಿಸಿತು.

ಈ ಸಲ ಲೆಕ್ಕವನ್ನು ಕೊನೆಯಿಂದ ಶುರು ಮಾಡಿದೆ. ಗಾಳಿಗೆ 34, ಸ್ಪೀಕರಿಗೆ 2.5, ಅಡ್ಡಪಟ್ಟಿಗೆ 0.6, ಒಟ್ಟು 37.1 ಲೀಟರ್ ಒಳಗಿನ ಜಾಗ ಬೇಕು. ಹಿಂದಿನ ಸೀಟು ಓರೆಯಾಗಿರುವುದರಿಂದ ಪೆಟ್ಟಿಗೆಯ ಒಂದು ಬದಿಯನ್ನೂ ಓರೆ ಮಾಡಿದೆ. ಅದರ ಲೆಕ್ಕಕ್ಕೆ ಹೆದರಬೇಕಿಲ್ಲ. ಮೇಲಿನ ಆಳ, ಕೆಳಗಿನ ಆಳ ಕೂಡಿಸಿ ಎರಡರಿಂದ ಭಾಗಿಸಿದರೆ ಸರಾಸರಿ ಆಳ. ಒಳಗಿನ ಅಗಲ 464, ಎತ್ತರ 334 ಇಟ್ಟೆ. ಸರಾಸರಿ ಆಳ 239.5 ಬೇಕಾಯ್ತು, ಹಾಗಾಗಿ ಮೇಲೆ 200, ಕೆಳಗೆ 279. ಒಳಗಿನ ಚಿತ್ರ ಮೊದಲು ಬರೆದು, ಆಮೇಲೆ ಅದರ ಹೊರಗೆ ಹಲಗೆಯ ದಪ್ಪ ಸೇರಿಸಿದೆ. ಕತ್ತರಿಸುವ ಮುಂಚೆ ಮ್ಯಾಗ್ನೆಟ್ಟಿನ ಹಿಂದೆ ಗಾಳಿ ಆಡಲು ಜಾಗ ಇದೆಯಾ ಅಂತಲೂ ನೋಡಿದೆ.

ಗಾಳಿಕಿಂಡಿ ಇರುವ ಪೆಟ್ಟಿಗೆ ಯಾಕೆ ಬೇಡ ಅಂದರೆ, ಕಾರಿನ ಒಳಾಂಗಣವೇ ಕೆಳ ಸ್ವರಗಳನ್ನು ಎತ್ತಿ ಕೊಡುತ್ತೆ. ಮುಚ್ಚಿದ ಪೆಟ್ಟಿಗೆಯ ಸದ್ದು ಕೆಳಗೆ ನಿಧಾನವಾಗಿ ಇಳಿಯುವುದರಿಂದ ಎರಡೂ ಒಂದಕ್ಕೊಂದು ಹೊಂದುತ್ತವೆ. ಕಿಂಡಿಯ ಪೆಟ್ಟಿಗೆ ಜಾಸ್ತಿ ಜೋರು, ನಿಜ. ಆದರೆ ಕಿಂಡಿಯ ಆವರ್ತನಕ್ಕಿಂತ ಕೆಳಗೆ ಕೋನಿಗೆ ತಡೆ ಇರಲ್ಲ, ಅಳತೆ ತಪ್ಪಿದರೆ ಕಷ್ಟ.

ಅಂಟು ಒಣಗಿದ ಮೇಲೆ ನಂಬಿಕೆಗೆ ಇನ್ನೊಂದು ಕೆಲಸ ಮಾಡಿದೆ. ಸ್ಪೀಕರಿನ ತೂತು ಮೇಲೆ ಬರುವಂತೆ ಪೆಟ್ಟಿಗೆ ಮಲಗಿಸಿ, ಥರ್ಮಾಕೋಲ್ ಮಣಿಗಳನ್ನು 5 ಲೀಟರಿನ ಬಕೆಟ್ಟಿನಿಂದ ಸುರಿದೆ. ಮಣಿಗಳು ಕೈಗೆ, ತೋಳಿಗೆ, ಅಂಗಿಗೆ ಅಂಟಿಕೊಂಡು ಸುಮ್ನೆ ಬಿಡುತ್ತಿರಲಿಲ್ಲ. ಮೂಲೆಗಳಿಗೆ ಇಳಿಯಲಿ ಅಂತ ಪ್ರತಿ ಬಕೆಟ್ಟಿಗೂ ಪೆಟ್ಟಿಗೆಯನ್ನು ತಟ್ಟಿದೆ. ಏಳು ಬಕೆಟ್ ಪೂರ್ತಿ ಹೋಯ್ತು, ಎಂಟನೆಯದರಲ್ಲಿ ಒಂದೂವರೆ ಲೀಟರ್. 36.5, ಅಂದರೆ ಅಡ್ಡಪಟ್ಟಿ ಕಳೆದು ಇರಬೇಕಾದಷ್ಟೇ.

ಸಂದುಗಳಿಗೆ ಒಳಗಿನಿಂದ ಸೀಲೆಂಟ್ ಬಳಿದು, ವಾಸನೆ ಪೂರ್ತಿ ಹೋಗುವ ತನಕ ಸ್ಪೀಕರ್ ಕೂರಿಸಲಿಲ್ಲ. ಕೂರಿಸಿದ ಮೇಲೆ ಅಂಗೈಯಿಂದ ಕೋನನ್ನು ಮೆತ್ತಗೆ ಒತ್ತಿ, ಸ್ವಲ್ಪ ಹೊತ್ತು ಹಿಡಿದು ಬಿಟ್ಟೆ. ಅದು ಥಟ್ಟಂತ ಹಾರಲಿಲ್ಲ, ನಿಧಾನಕ್ಕೆ ವಾಪಸ್ ಬಂತು. ದೊಡ್ಡ ಸೋರಿಕೆ ಎಲ್ಲೂ ಇರಲಿಲ್ಲ.

ಮತ್ತೆ ರೆಸಿಸ್ಟರ್, ಮತ್ತೆ ಮೀಟರ್. ಈ ಸಲ ತುದಿ 45ರಲ್ಲಿ ಸಿಕ್ಕಿತು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್. ಅದೇ ಹಾಡನ್ನು ಅದೇ ವಾಲ್ಯೂಮಿನಲ್ಲಿ ಹಾಕಿದೆ. ಆ ತಂತಿ ಮೀಟಿದಾಗ ಕೂತ ಸೀಟು ಹಿತವಾಗಿ ನಡುಗಿತು, ಅದರ ಮೇಲಿನ ಸ್ವರಗಳೂ ಒಂದೇ ಸಮ ಬಂದವು.