ಡಂಜನ್ ಶುರುವಾಗುವ ಮುನ್ನ ಹೇಳಬೇಕಾದ ಒಂದು ಮಾತು

ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಆಟದಲ್ಲಿ ಮೊದಲ ಡಂಜನ್‌ಗೆ (ತಂಡವಾಗಿ ಶತ್ರುಗಳನ್ನು ಸೋಲಿಸುತ್ತಾ ಸಾಗುವ ಜಾಗ) ಹೋದಾಗ ನಾನು ಚಾಟ್‌ನಲ್ಲಿ ಒಂದಕ್ಷರವೂ ಬರೆಯಲಿಲ್ಲ. ನಾಲ್ಕು ಜನರ ತಂಡ. ಶತ್ರುಗಳ ಏಟನ್ನು ತನ್ನ ಮೇಲೆ ಎಳೆದುಕೊಳ್ಳುವ ಟ್ಯಾಂಕ್ ಒಬ್ಬರು, ಗಾಯ ವಾಸಿ ಮಾಡುವ ಹೀಲರ್ ಒಬ್ಬರು, ಶತ್ರುಗಳನ್ನು ಹೊಡೆಯುವ ಡ್ಯಾಮೇಜ್‌ಗೆ ಇಬ್ಬರು. ಆ ಇಬ್ಬರಲ್ಲಿ ನಾನೊಬ್ಬ, ಬಿಲ್ಲು ಹಿಡಿದವನು. ಹೊಸಬ ಅಂತ ಗೊತ್ತಾದರೆ ಬೈಯುತ್ತಾರೇನೋ ಎಂಬ ಭಯ.

ಮುಂದೆ ಶತ್ರುಗಳ ಗುಂಪು ಕಂಡಿತು. ಟ್ಯಾಂಕ್ ಇನ್ನೂ ಹಿಂದಿದ್ದರು. ನಾನು ಬಾಣ ಬಿಟ್ಟೆ. ಇಡೀ ಗುಂಪು ನನ್ನ ಮೇಲೆ ಬಿತ್ತು. ಹೆದರಿ ಓಡಿದೆ. ಅದು ಇನ್ನೂ ದೊಡ್ಡ ತಪ್ಪು. ಓಡುವವನ ಹಿಂದೆ ಶತ್ರುಗಳೂ ಓಡುತ್ತವೆ, ಟ್ಯಾಂಕ್ ಕೈಗೆ ಸಿಗುವುದಿಲ್ಲ. ಎಲ್ಲರೂ ಸತ್ತೆವು.

ಆಗ "ಹೊಸಬನು, ಕ್ಷಮಿಸಿ" ಅಂತ ಬರೆದೆ. "ಗೊತ್ತಿತ್ತು, ಯಾರು ಅಂತ ಗೊತ್ತಿರಲಿಲ್ಲ ಅಷ್ಟೇ" ಎಂದರು ಹೀಲರ್. ತಂಡದಲ್ಲಿ ಮೊದಲ ಸಲ ಬಂದವರಿದ್ದರೆ ಆಟವೇ ಎಲ್ಲರಿಗೂ ತಿಳಿಸುತ್ತದೆ. ಮುಗಿಸಿದ ಮೇಲೆ ಅದಕ್ಕಾಗಿ ಬೋನಸ್ಸೂ ಇದೆ. ನಾನು ಸುಮ್ನೆ ಬಚ್ಚಿಟ್ಟುಕೊಂಡಿದ್ದೆ.

ಅಲ್ಲಿಂದ ಮುಂದೆ ಆ ಟ್ಯಾಂಕ್ ಪ್ರತಿ ಬಾಸ್ (ದೊಡ್ಡ ಶತ್ರು) ಮುಂದೆ ನಿಂತು, ಎಲ್ಲಿಂದ ತಪ್ಪಿಸಿಕೊಳ್ಳಬೇಕು ಅಂತ ಒಂದೊಂದು ಸಾಲು ಹೇಳಿದರು. ಶತ್ರು ಮೈಮೇಲೆ ಬಂದರೆ ಓಡಬೇಡಿ, ನನ್ನ ಹತ್ತಿರ ತನ್ನಿ ಎಂದರು. ಇದೊಂದೇ ಮಾತು ಆಮೇಲೆ ನನ್ನನ್ನು ಎಷ್ಟು ಸಲ ಉಳಿಸಿದೆಯೋ!

ಲೂಟ್, ಅಂದರೆ ಡಂಜನ್‌ನಲ್ಲಿ ಸಿಗುವ ವಸ್ತುಗಳ ಹಂಚಿಕೆಯ ವಿಷಯವನ್ನೂ ನೋಡಿ ಕಲಿತೆ. ನೀಡ್ (ನನಗೆ ಬೇಕು) ಒತ್ತಿದವರಿಗೆ ಮೊದಲ ಹಕ್ಕು. ಹಾಗಾಗಿ ನಾನು ಈಗಲೇ ಹಾಕಿಕೊಳ್ಳುವಂಥದ್ದಾದರೆ ಮಾತ್ರ ನೀಡ್, ಇಲ್ಲದಿದ್ದರೆ ಗ್ರೀಡ್ (ಸಿಕ್ಕರೆ ಇರಲಿ) ಅಥವಾ ಪಾಸ್ (ಬೇಡ). ಕಟ್‌ಸೀನ್ (ನಡುವೆ ಬರುವ ಕಥೆಯ ದೃಶ್ಯ) ನೋಡಬೇಕಿದ್ದರೆ ಮೊದಲೇ ಹೇಳುತ್ತೇನೆ. ಕಾಯುವವರೇ ಜಾಸ್ತಿ. ಎದ್ದು ಹೋಗಬೇಕಾಗಿ ಬಂದರೂ ಅಷ್ಟೇ, ಹೇಳಿ ಹೋಗಬೇಕು. ಮಧ್ಯದಲ್ಲೇ ಬಿಟ್ಟು ಹೋದರೆ ಅರ್ಧ ಗಂಟೆ ಬೇರೆ ತಂಡಕ್ಕೆ ಸೇರಲು ಆಗುವುದಿಲ್ಲ. ನನಗೆ ಆ ಶಿಕ್ಷೆಗಿಂತ ಉಳಿದ ಮೂವರು ಅಲ್ಲೇ ಸಿಕ್ಕಿಕೊಳ್ಳುತ್ತಾರಲ್ಲ, ಅದು ಬೇಸರ.

ಈಗ ನಾನೇ ಟ್ಯಾಂಕ್. ಹೊಸಬರಿದ್ದಾರೆ ಎಂಬ ಸಾಲು ಕಂಡ ಕೂಡಲೇ "ಯಾರಿಗೆ ಮೊದಲ ಸಲ?" ಅಂತ ಕೇಳುತ್ತೇನೆ. ಉತ್ತರ ಬಂದರೆ ಶತ್ರುಗಳ ಸಣ್ಣ ಸಣ್ಣ ಗುಂಪುಗಳನ್ನೇ ನನ್ನತ್ತ ಎಳೆಯುತ್ತೇನೆ. ಬರದಿದ್ದರೂ ಮೊದಲ ಬಾಸ್ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಎಷ್ಟೋ ಸಲ ಅಲ್ಲಿ ಯಾರಾದರೂ "ನಾನೇ" ಅಂತ ಬರೆಯುತ್ತಾರೆ.