ಇನಿಶಿಯಲ್ ಬಿಟ್ಟು ಬಳಿ ಹಿಡಿದು ಹೊರಟೆ

ನಮ್ಮ ಮನೆ ಸಕಲೇಶಪುರ ತಾಲ್ಲೂಕಿನ ಯಸಳೂರು ಹೋಬಳಿಯಲ್ಲಿದೆ. ಊರಲ್ಲಿ ಈಗಲೂ ನಮ್ಮನ್ನು ಘಟ್ಟದ ಕೆಳಗಿನವರು ಅಂತಾರೆ. ಮುತ್ತಜ್ಜ ಸುಳ್ಯದ ಕಡೆಯಿಂದ ಬಿಸಿಲೆ ಘಾಟಿ ಹತ್ತಿ ಬಂದು ಇಲ್ಲಿ ಏಲಕ್ಕಿ, ಕಾಫಿ ಹಾಕಿದವರು. ನಾವು ಅರೆಭಾಷೆ ಗೌಡರು, ಮನೆಯಲ್ಲಿ ಮಾತಾಡುವುದೂ ಕನ್ನಡದ್ದೇ ಒಂದು ರೂಪವಾದ ಅರೆಭಾಷೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಊರಿನದ್ದೊಂದು, ಅಪ್ಪನದ್ದೊಂದು ಅಕ್ಷರ ಹಾಕಿ ಇನಿಶಿಯಲ್ ಮಾಡಿದರು, ಅಲ್ಲಿಗೆ ಮುಗೀತು. ಹಳೇ ಮೈಸೂರಿನ ಪದ್ಧತಿಯೇ ಹಾಗೆ. ಸುಳ್ಯದಲ್ಲಿ ಉಳಿದ ನಮ್ಮವರು ಮಾತ್ರ ಮನೆ ಹೆಸರನ್ನು ಬಿಟ್ಟಿಲ್ಲ. ಹಾಗಾಗಿ ನಮ್ಮ ಹೆಸರು, ಅವರ ಹೆಸರು ಪಕ್ಕ ಪಕ್ಕ ಇಟ್ಟರೆ ದಾಯಾದಿಗಳು ಅಂತ ಯಾರಿಗೂ ಗೊತ್ತಾಗಲ್ಲ.

ಇದರ ಬಿಸಿ ತಟ್ಟಿದ್ದು ತಂಗಿಗೆ ಗಂಡು ನೋಡುವಾಗ. ಮಧ್ಯಸ್ತಿಕೆಯವರು ಇನಿಶಿಯಲ್ ನೋಡಿ ಬೇರೆ ಬೇರೆ ಮನೆಯವರು ಅಂದುಕೊಂಡಿದ್ದರು. ಎರಡೂ ಕಡೆ ಒಪ್ಪಿಗೆಯಾಗಿ ಕಾಫಿ ಕುಡಿಯುವ ಹೊತ್ತಿಗೆ ಗಂಡಿನ ಅಜ್ಜ, ನಿಮ್ಮ ಬಳಿ, ಅಂದರೆ ಗೋತ್ರ, ಯಾವುದು ಅಂತ ಕೇಳಿದರು. ಅಪ್ಪ ‘ನಂದರ ಬಳಿ’ ಅಂದರು. ಅಜ್ಜ ಲೋಟ ಕೆಳಗಿಟ್ಟರು. ‘ಹಾಗಾದ್ರೆ ಇವರಿಬ್ಬರೂ ಅಣ್ಣ ತಂಗಿ ಆಗ್ತಾರಲ್ಲ’ ಅಂದರು. ತಂಗಿ ಎದ್ದು ಒಳಗೆ ಹೋದಳು. ಆವತ್ತೇ ನಾನು ಒಂದು ನೋಟ್‌ಬುಕ್ ತಂದೆ.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮವರಲ್ಲಿ ‘ಹತ್ತು ಕುಟುಂಬ, ಹದಿನೆಂಟು ಗೋತ್ರ’ ಅನ್ನುವ ಮಾತಿದೆ. ಆ ಗೋತ್ರವನ್ನೇ ಬಳಿ ಅಂತಲೂ ಕರೆಯುತ್ತೇವೆ. ಒಂದೇ ಬಳಿಯಲ್ಲಿ ಮದುವೆ ಇಲ್ಲ. ನಮ್ಮ ಬಳಿ ಅಪ್ಪನಿಂದ ಬರುತ್ತದೆ. ಅಲ್ಲೇ ಪಕ್ಕದ ಮನೆಯ ಬಂಟರು, ಬಿಲ್ಲವರಂಥ ತುಳುವರು ಇದನ್ನೇ ‘ಬರಿ’ ಅಂತಾರೆ, ಅವರಿಗೆ ಅದು ಬರುವುದು ತಾಯಿಯಿಂದ. ಇದು ತಲೆಯಲ್ಲಿ ಇಲ್ಲದೆ ಘಟ್ಟದ ಕೆಳಗೆ ವಂಶ ಹುಡುಕಲು ಹೋದರೆ ಎಲ್ಲ ಕಲಸುಮೇಲೋಗರ.

ಮೊದಲು ನಾನು ಮಾಡಿದ್ದು ತಪ್ಪು. ಮನೆ ಹೆಸರು ಒಂದೇ ಇದ್ದರೆ ಒಂದೇ ಕುಟುಂಬ ಅಂತ ಬರೆದುಕೊಂಡು ಹೋದೆ. ಹೊಸಮನೆ ಅನ್ನುವ ಹೆಸರಿನ ಹಿಂದೆ ಎರಡು ತಿಂಗಳು ಓಡಾಡಿದೆ, ಕೊನೆಗೆ ಬಳಿ ಕೇಳಿದರೆ ಬೇರೆಯೇ. ಹೊಸದಾಗಿ ಕಟ್ಟಿದ್ದೆಲ್ಲ ಹೊಸಮನೆಯೇ, ಪ್ರತಿ ಊರಲ್ಲೂ ಒಂದು ಇರುತ್ತದೆ ಅಲ್ವಾ. ಮನೆ ಹೆಸರು ಎಲ್ಲಿ ಕೂತರು ಅನ್ನುವುದನ್ನು ಹೇಳುತ್ತದೆ, ಯಾರ ಮಕ್ಕಳು ಅನ್ನುವುದನ್ನು ಹೇಳಲ್ಲ. ‘ಗೌಡ’ ಅಂತೂ ಅದನ್ನೂ ಹೇಳಲ್ಲ. ನಮ್ಮ ಜಿಲ್ಲೆಯ ಹೊಯ್ಸಳರ ಕಾಲದ ಶಾಸನಗಳಲ್ಲಿ ಅದು ‘ಗಾವುಂಡ’, ಊರಿನ ಮುಖ್ಯಸ್ಥನ ಪದವಿ.

ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆ. ನಿಮ್ಮ ವಂಶ ಯಾವುದು ಅಂತ ಕೇಳಿದರೆ ಹಿರಿಯರು ದೊಡ್ಡ ದೊಡ್ಡ ಕತೆ ಹೇಳುತ್ತಾರೆ. ‘ನಿಮ್ಮಲ್ಲಿ ಸಾವಾದರೆ ಯಾರ್ಯಾರಿಗೆ ಸೂತಕ?’ ಅಂತ ಕೇಳಿದರೆ ಬೆರಳು ಮಡಚಿ ಸರಿಯಾಗಿ ಎಣಿಸುತ್ತಾರೆ. ಸೂತಕದ ಲೆಕ್ಕದಲ್ಲಿ ಯಾರೂ ಸುಳ್ಳು ಹೇಳಲ್ಲ. ನನ್ನ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳು ಸಿಕ್ಕಿದ್ದು ಈ ಒಂದು ಪ್ರಶ್ನೆಯಿಂದ.

ಕಾಗದದ ಕೆಲಸ ನಿಧಾನ. 1956ಕ್ಕೆ ಮುಂಚೆ ಸುಳ್ಯ ಮದರಾಸಿಗೆ ಸೇರಿತ್ತು, ಸಕಲೇಶಪುರ ಮೈಸೂರಿಗೆ, ಮಧ್ಯೆ ಕೊಡಗು ಬೇರೆ ರಾಜ್ಯ. ಹಾಗಾಗಿ ಹತ್ತಿರ ಹತ್ತಿರದ ಮೂರು ಊರಿಗೆ ಮೂರು ಸರ್ಕಾರದ ದಾಖಲೆ. ನಮ್ಮ ಕಡೆಯ ಹಳೇ ಪಹಣಿ, ಕ್ರಯಪತ್ರಗಳಲ್ಲಿ ‘ಬಿನ್’ ಅಂತ ಬರುತ್ತದೆ, ಅಂದರೆ ಇಂಥವರ ಮಗ. ಅದನ್ನು ಹಿಡಿದು ಮೇಲೆ ಹತ್ತಬಹುದು. ಆದರೆ ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ರೂಢಿ ನಮ್ಮದು. ಸುಬ್ಬೇಗೌಡ ಬಿನ್ ತಿಮ್ಮೇಗೌಡ, ತಿಮ್ಮೇಗೌಡ ಬಿನ್ ಸುಬ್ಬೇಗೌಡ, ಮತ್ತೆ ಸುಬ್ಬೇಗೌಡ. ಯಾವ ಸುಬ್ಬೇಗೌಡ? ನಾನು ಇದನ್ನು ಬಿಡಿಸಿಕೊಂಡದ್ದು ‘ಕೋಂ’ ಇಂದ. ಗಂಡ ತೀರಿಕೊಂಡ ಮೇಲೆ ಜಮೀನು ಹೆಂಡತಿ ಹೆಸರಿಗೆ ಬಂದಾಗ ‘ದೇವಮ್ಮ ಕೋಂ ಸುಬ್ಬೇಗೌಡ’ ಅಂತ ಬರೆದಿರುತ್ತಾರೆ. ಗಂಡಸರ ಹೆಸರು ಸುತ್ತಿ ಸುತ್ತಿ ಬರುತ್ತದೆ, ಸೊಸೆಯ ಹೆಸರು ಹೊರಗಿನಿಂದ ಬಂದದ್ದು, ಅದೇ ತಲೆಮಾರಿನ ಗುರುತು. ಒಂದೊಂದು ಸರ್ವೆ ನಂಬರಿಗೂ ಒಂದು ಹಾಳೆ ಇಟ್ಟು, ಕೋಂ ಹೆಸರುಗಳನ್ನು ಕೆಂಪು ಪೆನ್ನಲ್ಲಿ ಬರೆದೆ.

ಘಟ್ಟದ ಕೆಳಗೆ ನಮ್ಮ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಹೋದದ್ದು ಆಮೇಲೆ. ನಡುಮನೆಯಲ್ಲಿ ತಿರುಪತಿ ತಿಮ್ಮಪ್ಪನ ಮುಡಿಪು ಇತ್ತು, ಅರಿಶಿನ ಬಟ್ಟೆಯಲ್ಲಿ ಕಟ್ಟಿದ್ದು, ಹೊಗೆಗೆ ಕಂದಿತ್ತು. ಅಂಗಳ ದಾಟಿದರೆ ತುಳುನಾಡಿನ ದೈವದ ಕಟ್ಟೆ. ದೊಡ್ಡಜ್ಜಿ ಎರಡನ್ನೂ ತೋರಿಸಿ, ‘ಇದು ಬರುವಾಗ ತಂದದ್ದು, ಅದು ಇಲ್ಲಿ ಸಿಕ್ಕಿದ್ದು’ ಅಂದರು. ಎಲ್ಲಿಂದ ಬರುವಾಗ ಅಜ್ಜಿ ಅಂದೆ. ‘ಐಗೂರು ಸೀಮೆಯಿಂದ ಮಗ.’

ಐಗೂರು ಇರುವುದು ನಮ್ಮ ಸಕಲೇಶಪುರ ತಾಲ್ಲೂಕಲ್ಲೇ! ಅರೆಭಾಷೆ ಗೌಡರು ಐಗೂರು ಸೀಮೆಯಿಂದ ಘಟ್ಟ ಇಳಿದವರು ಅಂತ ಹಿರಿಯರು ಹೇಳುತ್ತಾ ಬಂದಿದ್ದಾರೆ. ನಾನು ಅದನ್ನು ಸುಮ್ನೆ ಕೇಳಿ ಬಿಟ್ಟಿದ್ದೆ. ಹಾಗೆ ಇಳಿದವರ ಮನೆ ಹೆಸರು ಚರಿತ್ರೆಯಲ್ಲೂ ಉಳಿದಿದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡು, ಅದರ ಕೈಯಲ್ಲಿದ್ದ ಅಮರಸುಳ್ಯವನ್ನು, ಅಂದರೆ ಸುಳ್ಯದ ಸೀಮೆಯನ್ನು, ಕೆನರಾ ಜಿಲ್ಲೆಗೆ ಸೇರಿಸಿದರು, ಕಂದಾಯ ದುಡ್ಡಲ್ಲೇ ಕಟ್ಟಬೇಕು ಅಂದರು. 1837ರ ದಂಗೆಗೆ ಅದೂ ಒಂದು ಕಾರಣ. ಅದರಲ್ಲಿ ಮುಂದೆ ನಿಂತ ಕೆದಂಬಾಡಿ ರಾಮಯ್ಯ ಗೌಡ, ಮಡಿಕೇರಿ ಕೋಟೆಯಲ್ಲಿ ನೇಣಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡ, ಇಬ್ಬರ ಹೆಸರಿನ ಮುಂದೆಯೂ ಮನೆತನ ಇದೆ. ಅಂಥ ಹೆಸರನ್ನು ನಾವು ಘಟ್ಟ ಹತ್ತಿ ಎರಡು ಅಕ್ಷರ ಮಾಡಿಕೊಂಡೆವಲ್ಲ ಅಂತ ನಿಜಕ್ಕೂ ಬೇಜಾರಾಯಿತು.

ಕಳೆದ ತಿಂಗಳು ತಂಗಿಗೆ ಮಗಳು ಹುಟ್ಟಿದಳು. ನೋಟ್‌ಬುಕ್ಕಿನಲ್ಲಿ ಅವಳ ಹೆಸರು ಬರೆದು, ಪಕ್ಕದಲ್ಲಿ ಅಪ್ಪನ ಬಳಿ, ಅಮ್ಮನ ತವರಿನ ಬಳಿ ಎರಡನ್ನೂ ಬರೆದೆ. ತವರಿನದ್ದನ್ನು ಕೆಂಪು ಪೆನ್ನಲ್ಲಿ.